ಯಾರನ್ನು ಕರೆದದ್ದು

ಕುಂದಾಪುರದಲ್ಲಿ ಮಾತು ಕಲಿಸುವ ಡಾಕ್ಟರರ ಬಾಗಿಲಲ್ಲಿ ಸರದಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಹೆಮ್ಮಾಡಿಯ ಒಬ್ಬ ಅಜ್ಜಿ ಮತ್ತು ಅವರ ಸೊಸೆ, ಮುಂಬೈಯ ಮರಾಠಿ ಹುಡುಗಿ. ಕಿವಿಗೆ ಮಿಷನ್ ಹಾಕಿಕೊಂಡ ನಾಲ್ಕು ವರ್ಷದ ಮೊಮ್ಮಗಳು ಪ್ರೇಕ್ಷಾ ಎದುರಿಗೇ ಆಡುತ್ತಿದ್ದಳು.

“ಮನೇಲಿ ಒಂದೇ ಭಾಷೆ ಮಾತಾಡಿ ಅಂತ ಡಾಕ್ಟ್ರು ಅಂದ್ರೆ ಎಂತ ಮಾಡೂದು ಅತ್ತೆ? ನನ್ನ ಮರಾಠಿ ಬಿಡ್ಬೇಕಾ?”

“ಒಂದೇ ಅಂದ್ರೆ ಕನ್ನಡವೇ ಸೈ. ಅವ್ಳ್ ಮೊನ್ನೆ ಸುರುವಿಗೆ ಹೇಳದ್ದ್ ‘ಹ್ವಾಯ್’ ಅಲ್ದಾ? ನಾನ್ ಎಲ್ಲರ್ನೂ ಹಾಂಗೇ ಕರೆಯೂದ್ ಕಂಡೇ ಕಲ್ತದ್ದ್.”

“ಅವಳು ಹೇಳಿದ್ದು ‘ಆಯಿ’. ನಮ್ಮಲ್ಲಿ ಅಮ್ಮನಿಗೆ ಹಾಗೇ ಅನ್ನೂದು.”

“ಆಗ ಮೀನ್ ಸಾರ್ ಬಡ್ಸ್ತಾ ಇದ್ದದ್ದ್ ನಾನ್.”

“ಮುಳ್ಳು ಬಿಡಿಸಿ ಕೊಟ್ಟದ್ದು ನಾನು.”

ಅಜ್ಜಿಗೆ ನಗು ತಡೆಯಲಾಗಲಿಲ್ಲ.

ಒಳಗಿನಿಂದ ನರ್ಸ್ ಹೆಸರು ಕೂಗಿದರು. ಪ್ರೇಕ್ಷಾ ಥಟ್ಟನೆ ತಿರುಗಿ ಬಾಗಿಲಿಗೆ ಓಡಿದಳು. ಅಲ್ಲಿ ನಿಂತು, ಯಕ್ಷಗಾನದ ಪದ್ಯ ಎತ್ತುವವರಂತೆ ನೀಳವಾಗಿ, “ಆಯ್” ಎಂದಳು.

“ಬತ್ತೆ ಮಗಾ,” ಎಂದರು ಅಜ್ಜಿ.

“ಆಲೇ ಬಾಳಾ,” ಎಂದಳು ಸೊಸೆ, ಅದನ್ನೇ ಮರಾಠಿಯಲ್ಲಿ.

ಇಬ್ಬರೂ ಒಟ್ಟಿಗೇ ಎದ್ದು ನಿಂತಿದ್ದರು.

“ಕಾಣ್, ಒಂದೇ ಕೂಗಿಗೆ ಇಬ್ರೂ ಎದ್ದಾಯ್ತ್. ಇನ್ನ್ ಮರಾಠಿ ಬಿಡೂ ಮಾತ್ ಬ್ಯಾಡ, ಡಾಕ್ಟ್ರಿಗೂ ಹಾಂಗೇ ಹೇಳುವ,” ಎನ್ನುತ್ತ ಅಜ್ಜಿ ಸೊಸೆಯ ಕೈ ಹಿಡಿದು ಒಳಗೆ ಹೋದರು.