ನಾನು ಸೀಳುನಾಯಿಗಳ ಪಕ್ಷ

ಅಲ್ಲ, ಹುಲಿ ಸಿಂಹ ಅಂತ ಎಷ್ಟೊತ್ತು ಜಗಳ ಆಡ್ತೀರಿ ಮಕ್ಳಾ, ಅವೆರಡೂ ಒಂದು ಕಾಡಲ್ಲಿ ಇರೋದೇ ಇಲ್ಲ, ಅವಕ್ಕೆ ಹೊಡೆದಾಟ ಎಲ್ಲಿಂದ ಬರ್ಬೇಕು. ಟೀವಿಲಿ ಬಂದಿದ್ದಕ್ಕೆಲ್ಲ ಹೀಗೆ ಕೂಗಾಡ್ಬಾರ್ದು. ನಮ್ಮ ಕಡೆ ಇರೋದನ್ನ ಕೇಳಿ, ಚಿರತೆ ಹೆಚ್ಚೋ ಸೀಳುನಾಯಿ ಹೆಚ್ಚೋ ಅಂತ. ಅದರ ಮೇಲೆ ನಾನೂ ಹತ್ತು ತಿಂಗಳು ವಾದ ಮಾಡಿದೋಳೇ. ನಗ್ಬೇಡ್ವೇ ನೀನು. ನಂದು ನಿಮ್ಮ ಥರ ಆಟದ ವಾದ ಅಲ್ಲ. ನಂಗೆ ಆ ಚಿರತೆ ಸಾಯ್ಬೇಕಿತ್ತು.

ಆಗ ನಾವು ಅತ್ತಿಗುಂಡಿ ಹತ್ರ ಇದ್ವಿ, ಒಂದೂವರೆ ಎಕರೆ ತೋಟ. ನಿಮ್ಮಪ್ಪ ಮೂರನೇ ಕ್ಲಾಸು... ಅಲ್ಲ, ನಾಲ್ಕು, ನಿಮ್ಮತ್ತೆ ಆಗ ನಡೆಯೋಕೆ ಕಲ್ತಿದ್ಲು, ಹಾಗಾಗಿ ನಾಲ್ಕೇ. ಆ ವರ್ಷ ಮೆಣಸು ಕುಯ್ಯೋವಾಗ ನಿಮ್ಮಜ್ಜ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಮರದಿಂದ ಏಣಿ ಸಮೇತ ಬಿದ್ರು. ಸೊಂಟ ಹೋಯ್ತು, ಮಲಗಿದೋರು ಮಲಗೇ ಬಿಟ್ರು. ಮಗ್ಗುಲು ತಿರುಗ್ಸೋಕೂ ನಾನೇ ಬೇಕು. ನಾನು ಪಕ್ಕದ ಎಸ್ಟೇಟಿಗೆ ಕಾಫಿ ಗಿಡದ ಚಿಗುರು ತೆಗೆಯೋಕೆ ಹೋಗ್ತಿದ್ದೆ, ಮಳೆ ಬಂದ್ರೆ ಅದೂ ಇಲ್ಲ. ಇದ್ದಿದ್ದು ಗೌರಿ ಒಂದೇ. ಹಸು ಕಣೋ, ನನ್ನಮ್ಮ ತವರಿಂದ ಹೊಡ್ಕೊಂಡು ಬಂದು ಕೊಟ್ಟಿದ್ಲು. ಅದರ ಹಾಲನ್ನ ರಸ್ತೆ ಮೇಲಿನ ಹೋಟ್ಲಿಗೆ ಹಾಕಿ, ಅಲ್ಲೇ ಅಕ್ಕಿ ತಗೊಂಡು ಬರ್ತಿದ್ದೆ. ನಿಮ್ಮಪ್ಪ ಉಂಡಿದ್ದು ಗೌರಿ ಅನ್ನ, ತಿಳೀತಾ.

ಆ ಗೌರಿನ ಮಳೆಗಾಲ ಶುರುವಲ್ಲಿ, ಮಟಮಟ ಮಧ್ಯಾಹ್ನ, ಹಳ್ಳದ ಹತ್ರ ಮೇಯೋಕೆ ಕಟ್ಟಿದ್ದಾಗ ಚಿರತೆ ಹಿಡೀತು. ನಾನು ಹೋಗೋಷ್ಟ್ರಲ್ಲಿ ಕಣ್ಣು ತೆರೆದೇ ಮಲಗಿತ್ತು, ಕುತ್ತಿಗೆಲಿ ನಾಲ್ಕು ತೂತು, ಕೆಚ್ಚಲು ತುಂಬ ಹಾಲು. ಚಿರತೆ ಅಲ್ಲೇ ಆಚೆ ದಡದಲ್ಲಿ ನಿಂತು ನನ್ನನ್ನೇ ನೋಡ್ತಿತ್ತು, ಓಡ್ಲೂ ಇಲ್ಲ. ನಂಗೆ ಹೆದರಿಕೆ ಆಗ್ಲಿಲ್ಲ ನೋಡಿ, ಅಷ್ಟು ಸಿಟ್ಟು. ಮನೆಗೆ ಬಂದು ನಿಮ್ಮಜ್ಜನ ಹತ್ರ ಹೇಳ್ದೆ, "ಅದು ಸಾಯೋ ತನಕ ನಾನು ಹಾಲು ಮುಟ್ಟಲ್ಲ." ಅವರು, "ಹಾಲು ಎಲ್ಲಿದೆ ಮಾರಾಯ್ತಿ ಮುಟ್ಟೋಕೆ" ಅಂದ್ರು. ತಮಾಷೆಗೆ ಅಂದಿದ್ದು, ಅತ್ತೂ ಬಿಟ್ರು. ನಾನು ಅಳ್ಲಿಲ್ಲ. ಬೇರೆಯೋರ ಮನೇಲಿ ಹಾಲು ಹಾಕಿ ಕೊಟ್ರೂ ಬೇಡ ಅಂತಿದ್ದೆ, ಬರೀ ಕರೀ ಕಾಫಿ.

ನಾನು ಕೆಲಸಕ್ಕೆ ಹೋಗ್ತಿದ್ದ ಎಸ್ಟೇಟಲ್ಲಿ ಈರಪ್ಪ ಅಂತ, ಆಳುಗಳನ್ನ ನೋಡ್ಕೊಳ್ಳೋ ಮೇಸ್ತ್ರಿ. ಒಳ್ಳೆ ಮಾತುಗಾರ. ಬುತ್ತಿ ಬಿಚ್ಚೋ ಹೊತ್ತಿಗೆ ದಿನಾ ಇದೇ ಮಾತು. ನಾನು, "ಈ ಕಾಡಿಗೆ ಸೀಳುನಾಯಿ ಗುಂಪು ಬರ್ಲಿ, ನಿಮ್ಮ ಚಿರತೇನ ಸಿಗಿದು ಹಾಕ್ತವೆ" ಅಂತಿದ್ದೆ. ಅವನು ಮೀಸೆ ಒರೆಸ್ಕೊಂಡು, "ಲಲಿತಕ್ಕ, ಚಿರತೆ ಮರ ಹತ್ತುತ್ತೆ. ನಿನ್ನ ನಾಯಿಗಳು ಕೆಳಗೆ ನಿಂತು ಏನ್ ಮಾಡ್ತವೆ, ಭಜನೇನಾ?" ಎಲ್ಲರೂ ನಗೋರು. "ಎಷ್ಟು ದಿನ ಮರದ ಮೇಲಿರುತ್ತೆ ಮೇಸ್ತ್ರಣ್ಣ? ನೀರಿಗೆ ಇಳೀಬೇಕಲ್ಲ." "ಇಳಿಯುತ್ತೆ, ಒಂದು ಏಟಿಗೆ ಒಂದು ನಾಯಿ. ಚಿರತೆ ಶಕ್ತಿ ನಿಂಗೊತ್ತಿಲ್ಲ." ಹೀಗೇ ಹತ್ತು ತಿಂಗಳು, ನಾನು ನಾಯಿ ಪಕ್ಷ, ಅವನು ಚಿರತೆ ಪಕ್ಷ. ಸೀಳುನಾಯಿಗೆ ಬೊಗಳೋಕೆ ಬರಲ್ಲ, ಸಿಳ್ಳೆ ಹಾಕ್ತವೆ. ಗುಡ್ಡದಾಚೆ ಆ ಸಿಳ್ಳೆ ಕೇಳಿದ್ರೆ ನಂಗೆ ನೆಂಟರು ಬಂದಷ್ಟು ಖುಷಿ.

ಮತ್ತೆ ಹೂಮಳೆ ಬಿತ್ತು, ಕಾಫಿ ಹೂ ಎಲ್ಲ ಬೆಳ್ಳಗೆ. ಒಂದು ಬೆಳಿಗ್ಗೆ, ಹತ್ತು ಗಂಟೆ ಇರ್ಬೇಕು, ಹಳ್ಳದ ಕಡೆ ಸಿಳ್ಳೆಯೋ ಸಿಳ್ಳೆ. ಎಲ್ಲ ಕೆಲಸ ಬಿಟ್ಟು ಓಡಿದ್ವಿ, ಈಚೆ ಬೇಲಿ ಹತ್ರ ನಿಂತ್ವಿ. ಆಚೆ ಅತ್ತಿಮರದ ಕವಲಲ್ಲಿ ಚಿರತೆ, ಕೆಳಗೆ ಏಳೋ ಎಂಟೋ ಕೆಂಪು ನಾಯಿ. ಈರಪ್ಪ ನನ್ನ ಪಕ್ಕದಲ್ಲೇ ಇದ್ದ. "ನೋಡು, ಮರ ಹತ್ತಿದೆ. ನಾನು ಏನ್ ಹೇಳಿದ್ದೆ?" ಚಿರತೆ ಮೇಲಿನ ಕೊಂಬೆಗೆ ಹೋಗೋಕೆ ನೋಡ್ತು. ಮುಂಗಾಲು ಹೋಯ್ತು, ಹಿಂಗಾಲು ಬರ್ಲಿಲ್ಲ. ಇನ್ನೊಂದ್ಸಲ ನೋಡ್ತು. ಜಾರಿ ಬಿತ್ತು. ಆಮೇಲಿನದ್ದು ನಿಮಗೆ ಹೇಳಲ್ಲ, ಒಂದು ಎಲೆ ಅಡಿಕೆ ಹಾಕ್ಕೊಳ್ಳೋಷ್ಟು ಹೊತ್ತೂ ಇಲ್ಲ. ನಾನು ಕಣ್ಣು ಮುಚ್ಚಲಿಲ್ಲ. ಗೌರಿಗೋಸ್ಕರ ಪೂರ್ತಿ ನೋಡ್ದೆ. "ಗೆದ್ವು" ಅಂದೆ.

ನಾವು ಗದ್ದಲ ಮಾಡಿದ ಮೇಲೆ ನಾಯಿಗಳು ಸರಿದ್ವು. ನಾನು ಹಳ್ಳ ದಾಟಿದೆ. ಈರಪ್ಪ ಹಿಂದಿಂದ, "ಬೇಡ ಲಲಿತಕ್ಕ, ಹತ್ರ ಹೋಗ್ಬೇಡ" ಅಂತ ಕೂಗ್ದ. ನನ್ನ ಮೇಲಿನ ಕಾಳಜಿಗೆ ಅನ್ಕೊಂಡೆ. ಹೋಗಿ ನೋಡಿದ್ರೆ ಚಿರತೆ ಅಂದ್ರೆ ಬರೀ ಚರ್ಮ ಮೂಳೆ. ಸೊಂಟಕ್ಕೆ ಜೀಪಿನ ಕ್ಲಚ್ ಕೇಬಲ್ಲು ಬಿಗಿದು ಮಾಂಸದ ಒಳಗೇ ಇಳಿದಿದೆ, ಸುತ್ತ ಹಳೇ ಗಾಯ, ಕೀವು. ಎಸ್ಟೇಟ್ ಬೇಲಿ ಗಂಡಿಲಿ ಹಂದಿಗೆ ಅಂತ ಇಡೋ ಉರುಳು ಅದು. ಇಡ್ತಿದ್ದೋನು ಈರಪ್ಪನೇ, ನಾವೆಲ್ಲ ಕಂಡಿದ್ವಿ. ಸೊಂಟ ಹೋದ ಪ್ರಾಣಿ ಜಿಂಕೆ ಹಿಂದೆ ಓಡುತ್ತಾ? ಕಟ್ಟಿಹಾಕಿದ ಹಸೂನೇ ಹಿಡೀಬೇಕು. "ಯಾವಾಗಿಂದು ಮೇಸ್ತ್ರಣ್ಣ ಇದು?" ಅಂದೆ. ನನ್ನ ಹಿಂದೆಯೇ ಹಳ್ಳ ದಾಟಿ ಬಂದಿದ್ದ ಅವನು ನೆಲ ನೋಡ್ದ. "ಹೋದ ವರ್ಷ, ಮಳೆಗೆ ಮುಂಚೆ. ಸಿಕ್ಕಿಬಿದ್ದು ಉರುಳು ಕಿತ್ಕೊಂಡು ಹೋಗಿತ್ತು." ಗೊತ್ತಿತ್ತು ನೋಡಿ. ಗೊತ್ತಿದ್ದೂ ದಿನಾ ನನ್ನೆದ್ರು ಬುತ್ತಿ ಉಂಡು, ಚಿರತೆ ಶಕ್ತಿ ನಿಂಗೊತ್ತಿಲ್ಲ ಅಂತಿದ್ದ.

ಫಾರೆಸ್ಟಿನೋರಿಗೆ ಹೇಳ್ತೀನಿ ಅಂದೆ. ಕೈ ಮುಗಿದ. "ಜೈಲಿಗೆ ಹಾಕ್ತಾರೆ ಲಲಿತಕ್ಕ." ಹಾಗಾದ್ರೆ ಎರಡು ಮಾತು ನಡೆಸ್ಕೊಡು ಅಂದೆ. ಒಂದು, ಇಟ್ಟ ಉರುಳೆಲ್ಲ ಈಗ್ಲೇ ಬಿಚ್ಚು. ಬೇಲಿ ಉದ್ದಕ್ಕೂ ಅವನ ಹಿಂದೆ ನಡೆದು ಒಂದೊಂದನ್ನೂ ಬಿಚ್ಚಿಸಿದೆ. ಇನ್ನೊಂದು, ನಿನ್ನ ಮನೆ ಹಸುವಿನ ಹಾಲು, ದಿನಾ ಒಂದು ಸೇರು, ನೀನೇ ತಂದು ನನ್ನ ಗಂಡನ ಹಾಸಿಗೆ ಹತ್ರ ಇಡ್ಬೇಕು. ಹೆಂಡ್ತಿ ಕೈಲಿ ಕಳಿಸಿದ್ರೆ ಆಗಲ್ಲ. ಅದೂ ಬೆಳಿಗ್ಗೆ ಆಳುಗಳು ಹಾಜರಿಗೆ ಹೋಗೋ ಹೊತ್ತಿಗೇ, ಲೈನ್ ಮನೆ ಆಳುಗಳೆಲ್ಲ ದಾರೀಲಿ ನೋಡೋ ಹಾಗೆ.

ತಂದ. ಮೊದಲ್ನೇ ದಿನ ಅವನೆದ್ರೇ ಅದರಲ್ಲಿ ಕಾಫಿ ಮಾಡಿ, ನಿಂತ್ಕೊಂಡು ಕುಡಿದೆ. ಸುಳ್ಳು ಯಾಕೆ ಹೇಳ್ಲಿ, ರುಚಿಯಾಗೇ ಇತ್ತು. ಮಳೇಲೂ ತಂದ, ಜ್ವರದಲ್ಲೂ ತಂದ. ನಿಮ್ಮಜ್ಜ, "ಸಾಕು ಬಿಡೇ, ಅವನೂ ಮನುಷ್ಯ" ಅಂತ ಬೈದ್ರು. ನಾನು ಬಿಡ್ಲಿಲ್ಲ. ನಿಮ್ಮಜ್ಜ ಹಾಸಿಗೆಯಿಂದ ಎದ್ದು ಕೋಲೂರಿ ಅಂಗಳಕ್ಕೆ ಇಳಿದ ದಿನ, "ನಾಳೆಯಿಂದ ಬೇಡ" ಅಂದೆ. ಈರಪ್ಪ ಚೊಂಬು ಅಲ್ಲೇ ಇಟ್ಟು ಹೋದ, ಆಮೇಲೆ ನನ್ನ ಹತ್ರ ಮಾತಾಡ್ಲಿಲ್ಲ. ಆ ವಿಷ್ಯಕ್ಕೆ ನಂಗೆ ಇವತ್ತಿಗೂ ಬೇಜಾರಿಲ್ಲ. ಆ ಚಿರತೆ ಜಾರಿದಾಗ ಗೆದ್ವು ಅಂದೆನಲ್ಲ, ಅದೊಂದಕ್ಕೆ ಇದೆ.

ಸಿಟ್ಟು ಬೇಡ ಅಂತ ನಾನು ಹೇಳಲ್ಲ ಮಕ್ಳಾ, ಸಿಟ್ಟಿರ್ಬೇಕು. ಯಾರ ಮೇಲೆ ಅಂತ ಮಾತ್ರ ಹತ್ರ ಹೋಗಿ ನೋಡ್ಕೊಳ್ಬೇಕು. ಏಳಿ, ಕೈ ತೊಳ್ಕೊಳಿ, ಊಟಕ್ಕೆ ಹಾಕ್ತೀನಿ.