ಜ್ವರ ‘ಸಾಲೆ’

ಮಕ್ಕಳ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೇ ಅಕ್ಕತಂಗಿಯರು ಕೂತಿದ್ದರು. ಅಕ್ಕನ ಮಗು ಒಳಗಿತ್ತು, ಜೊತೆಗೆ ಅವಳ ಇಟಾಲಿಯನ್ ಅತ್ತೆ.

“ಅತ್ತೆ ಭಾಷೆ ನಂಗೆ ಬರಲ್ಲ ಅಂತ ಅವರ ಮೆಸೇಜು ನಿನಗೆ ಕಳಿಸಿದ್ರೆ, ಜ್ವರ ಬಿಡ್ತಿದೆ ಅಂದೆಯಲ್ಲೇ!”

“ಅದರಲ್ಲಿ ‘ಸಾಲೆ’ ಅಂತಿತ್ತು ಕಣೇ ಅಕ್ಕ. ನಾನು ಪಾಠ ಮಾಡೋ ಸ್ಪ್ಯಾನಿಷಲ್ಲಿ ಹಾಗಂದ್ರೆ ಹೊರಗೆ ಹೋಗ್ತಿದೆ ಅಂತ.”

“ಇಟಾಲಿಯನ್ನಲ್ಲಿ?”

“ಏರ್ತಿದೆ ಅಂತ. ಈಗ ಗೊತ್ತಾಯ್ತು.”

“ಮಗೂಗೆ ಜ್ವರ ಏರ್ತಿದೆ ಅಂತ ಅವರು ಬರೆದ್ರೆ, ನಾನು ವಾಪಸ್ಸು ಫೋನಲ್ಲಿ ಕುಣಿಯೋ ಗೊಂಬೆ ಚಿತ್ರ ಕಳಿಸಿದೀನಿ. ಯಾವ ಮುಖ ಇಟ್ಕೊಂಡು ಒಳಗೆ ಹೋಗ್ಲಿ?”

“ಎರಡೂ ಭಾಷೆ ಲ್ಯಾಟಿನ್ನಿಂದ ಬಂದಿದ್ದೇ. ಅಲ್ಲಿ ಆ ಪದದ ಮೂಲಕ್ಕೆ ನೆಗೆಯೋದು ಅಂತ ಅರ್ಥ. ಒಂದು ಭಾಷೆ ಮೇಲಕ್ಕೆ ನೆಗೀತು, ಇನ್ನೊಂದು ಹೊರಕ್ಕೆ.”

“ಒಂದೇ ತಾಯಿ ಮಕ್ಕಳಾಗಿ ಹೀಗಾ?”

“ನಾವಿಲ್ವಾ?”

ಅಕ್ಕ ನಗಲಿಲ್ಲ. ನನಗೆ ನಗು ಬಂತು. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

“ಗೊತ್ತಿಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಗೊತ್ತಿದೆ ಅಂತಲೇ ಅಂದ್ಕೊಂಡಿದ್ದೆ.”

ಬಾಗಿಲು ತೆರೆದು ಅತ್ತೆ ಹೊರಬಂದರು. ಏನೋ ಅಂದರು. ಅಕ್ಕ ತಂಗಿಯ ಮುಖ ನೋಡಿದಳು. ತಂಗಿ ಗೊತ್ತಿಲ್ಲ ಅಂತ ತಲೆಯಾಡಿಸಿದಳು.

ಅತ್ತೆ ಇಬ್ಬರನ್ನೂ ನೋಡಿ, ಅಂಗೈಯನ್ನು ಹಣೆಯ ಎತ್ತರಕ್ಕೆ ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಆಮೇಲೆ, ಸೊಸೆ ಕಳಿಸಿದ್ದ ಗೊಂಬೆಯ ಹಾಗೆಯೇ, ಸೊಂಟವನ್ನು ಒಮ್ಮೆ ಅತ್ತಿತ್ತ ಕುಣಿಸಿದರು.

ಅಕ್ಕತಂಗಿಯರು ಎದ್ದು ಒಳಗೆ ಓಡಿದರು.