ಬೊಡ್ಡೆ ಕಾದ ಬೇಸಿಗೆ

ಹುಲಿ ಗಿಲಿ ಏನೂ ಇರ್ಲಿಲ್ಲ ಕಣ್ರೋ, ಅದನ್ನ ಮೊದ್ಲು ತಲೆಯಿಂದ ತೆಗೀರಿ. ಫಾರೆಸ್ಟ್ ವಾಚರ್ ಅಂದ ತಕ್ಷಣ ಎಲ್ರೂ ಹುಲಿ ಕೇಳ್ತೀರಿ. ನಾನು ಕಾದದ್ದು ಬೊಡ್ಡೆ. ಹೂಂ, ಬೊಡ್ಡೆ. ಮರ ಕಡಿದ ಮೇಲೆ ನೆಲದಾಗೆ ಉಳೀತದಲ್ಲ, ಅದು. ನಗ್ಬೇಡ ಪುಟ್ಟಿ. ನಾನು ಕಾದ ಕಾಡಿನ ಪಕ್ಕದ ಊರೋರೂ ಹಿಂಗೇ ನಕ್ರು. ನಾನು ಜಾಸ್ತಿ ಮಾತಾಡೋನಲ್ಲ, ನಿಮ್ಮಜ್ಜಿನ ಕೇಳಿ ಬೇಕಾದ್ರೆ, ದಿನಕ್ಕೆ ನಾಲ್ಕು ಮಾತಾಡಿದ್ರೆ ಅದರಲ್ಲಿ ಎರಡು ಬೈಗುಳ ಅಂತಾಳೆ. ಆದ್ರೆ ಇದೊಂದು ನೆನೆಸ್ಕೊಂಡ್ರೆ ಈಗ್ಲೂ ಕೂತಲ್ಲಿ ಕೂರಕ್ಕಾಗಲ್ಲ ನನಗೆ. ಕೇಳಿ, ಮಧ್ಯ ಮಾತಾಡ್ಬೇಡಿ.

ಅದು ರೇಷನ್ ಕಾಲ. ಅರಕಲಗೂಡಲ್ಲಿ ಸೊಸೈಟಿ ಮುಂದೆ ಚೀಲ ಹಿಡ್ಕೊಂಡು ನಿಂತ್ರೆ ಗೋಧಿ ಕೊಡೋರು. ಗೋಧಿ! ರಾಗಿಮುದ್ದೆ ತಿನ್ನೋ ಜನಕ್ಕೆ. ನಮ್ಮವ್ವ ಅದನ್ನ ಬೀಸಿ ಮುದ್ದೆ ಕಟ್ಟಕ್ಕೆ ಹೋದ್ಲು, ಗೋಂದು ಆಯ್ತು, ಕೋಲು ಮೇಲಕ್ಕೆತ್ತಿದ್ರೆ ಮಡಿಕೆನೂ ಜೊತೇಲೇ ಎದ್ದು ಬಂತು. ನಕ್ಕೊಂಡೇ ತಿಂದ್ವಿ, ಹಸಿವು ಹಂಗಿತ್ತು. ಅಪ್ಪ ಇರ್ಲಿಲ್ಲ. ಅವ್ವ, ನನ್ನ ತಂಗಿ, ನಾನು. ಸ್ವಂತ ಹೊಲ ಅನ್ನೋದು ಅಂಗೈ ಅಗಲ. ಅಂಥಾದ್ರಲ್ಲಿ ಕೆಲಸ ಸಿಕ್ತು ಅಂತ ಹಾಸನಕ್ಕೆ ನಡ್ಕೊಂಡು ಹೋಗಿ ಬಂದೆ. ಇಲ್ಲ ಇಲ್ಲ, ಹೋಗೋವಾಗ ನಡೆದೆ, ಬರೋವಾಗ ಲಾರಿ ಸಿಕ್ತು, ಮೇಲೆ ಸುಣ್ಣದ ಮೂಟೆ, ಮನೆಗೆ ಬಂದಾಗ ಅವ್ವ ಗುರುತೇ ಹಿಡೀಲಿಲ್ಲ. ನನ್ನ ಕೆಲಸ ಅರಕಲಗೂಡಿಗೂ ಹೊಳೆನರಸೀಪುರಕ್ಕೂ ಮಧ್ಯದ ಒಂದು ಗುಡ್ಡದಾಗೆ. ಸರ್ಕಾರದ ಕಾಡು. ರೇಂಜರ್ ಸಾಹೇಬ್ರು ಸೈಕಲ್ ಮೇಲೆ ಬರೋರು, ಟೋಪಿ ಹಾಕ್ಕೊಂಡು. ಮೊದಲ್ನೇ ದಿನವೇ ಹೇಳ್ಬಿಟ್ರು: "ನೋಡಯ್ಯಾ, ಈಗ ನೀನು ಟೆಂಪರರಿ. ಈ ಕೂಪು ಚಿಗುರಿದ್ರೆ ನಿನ್ನ ಕಾಯಂ ಮಾಡಿ ಅಂತ ನಾನೇ ಬರೀತೀನಿ. ಬೊಡ್ಡೆ ಹಾಳಾದ್ರೆ ನೀನೂ ಮನೆಗೆ." ಮನೆಗೆ ಅಂದ್ರೆ ಏನು ಗೊತ್ತಲ್ಲ? ಮತ್ತೆ ಗೋಧಿ ಗೋಂದು.

ಕೂಪು ಅಂದ್ರೇನು ಅಂತೀರಾ. ಸರ್ಕಾರ ಕಾಡನ್ನ ಒಂದೇ ಸಲಕ್ಕೆ ಕಡಿಯಲ್ಲ ಕಣ್ರೋ. ತುಂಡು ತುಂಡು ಮಾಡ್ಕೊಂಡವ್ರೆ. ಈ ವರ್ಷ ಈ ತುಂಡು ಕಡಿಯೋದು, ಮುಂದಿನ ವರ್ಷ ಪಕ್ಕದ್ದು, ಅದರ ಮುಂದಿನ ವರ್ಷ ಅದರ ಪಕ್ಕದ್ದು. ಎಲ್ಲಾ ಸುತ್ಕೊಂಡು ತಿರುಗಿ ಮೊದಲ್ನೇ ತುಂಡಿಗೆ ಬರೋ ಹೊತ್ತಿಗೆ ಅಲ್ಲಿ ಮತ್ತೆ ಮರ ನಿಂತಿರ್ಬೇಕು. ಆ ಒಂದೊಂದು ತುಂಡಿಗೂ ಕೂಪು ಅಂತಾರೆ. ಸಸಿ ನೆಡಲ್ಲ. ಕಡಿದ ಬೊಡ್ಡೆನೇ ಚಿಗುರಿ ಮರ ಆಗ್ಬೇಕು. ದಿಂಡಿಗ, ಕಕ್ಕೆ, ಮತ್ತಿ, ಎಲ್ಲಾ ಚಿಗುರೋ ಜಾತಿನೇ. ಆದ್ರೆ ಕಡಿಯೋದ್ರಲ್ಲಿ ಐತೆ. ನೆಲಕ್ಕೆ ಹತ್ತಿಸಿ ಕಡೀಬೇಕು, ಓರೆಯಾಗಿ, ಮಳೆನೀರು ಮೇಲೆ ನಿಲ್ದಂಗೆ, ತೊಗಟೆ ಸೀಳ್ದಂಗೆ. ಕೂಲಿಯೋರಿಗೆ ಬಗ್ಗಕ್ಕೆ ಕಷ್ಟ, ಸೊಂಟದೆತ್ತರಕ್ಕೆ ಹೊಡೀತಾರೆ. ನಾನು ಮರದಿಂದ ಮರಕ್ಕೆ ಓಡಿ "ಕೆಳಗೆ, ಇನ್ನೂ ಕೆಳಗೆ" ಅಂತ ಕೂಗ್ತಿದ್ದೆ. ಒಬ್ಬ ಕೊಡಲಿ ಕೆಳಗಿಟ್ಟು ಕೇಳ್ದ, "ಸ್ವಾಮಿ, ಇನ್ನೂ ಕೆಳಗೆ ಅಂದ್ರೆ ಬಾವಿ ತೋಡ್ಬೇಕು, ತೋಡ್ಲಾ?" ಅಂತೂ ಚೆನ್ನಾಗೇ ಕಡಿದ್ರು. ಸೌದೆ ಗಾಡಿ ಮೇಲೆ ಹೋಯ್ತು. ಉಳಿದದ್ದು ಬರೀ ಬೊಡ್ಡೆ, ಬಿಸಿಲು, ನಾನು.

ಈಗ ಕೆಂಚಕ್ಕ. ಗುಡ್ಡದ ಕೆಳಗಿನ ಊರೋಳು. ಗಂಡ ಇಲ್ಲ, ಹೆದರಿಕೆ ಇಲ್ಲ. ಅವಳು ಕೂಗಿದ್ರೆ ದನ ಕೂಡ ಮೇಯೋದು ನಿಲ್ಲಿಸ್ತಿತ್ತು. ಆ ಊರಿಗೆ ಒಂದು ಪದ್ಧತಿ ಇತ್ತು ಗೊತ್ತಾ, ಕಾಡಲ್ಲಿ ಒಣಗಿದ್ದೆಲ್ಲಾ ಊರಿಂದು. ಹಸಿ ಮರ ಮುಟ್ಟಂಗಿಲ್ಲ, ಒಣಗಿದ ಕಡ್ಡಿ, ಕೊಂಬೆ ತಲೆಹೊರೆ ಹೊತ್ಕೊಂಡು ಹೋಗ್ಬೋದು, ಸಾಹೇಬ್ರೂ ಒಪ್ಪಿದ್ದು. ಒಂದು ದಿನ ಬೆಳಿಗ್ಗೆ ನೋಡ್ತೀನಿ, ಕೆಂಚಕ್ಕ ಗುದ್ದಲಿ ಹಿಡ್ಕೊಂಡು ಬತ್ತಾವ್ಳೆ, ಹಿಂದೆ ಹೆಂಗಸ್ರ ಸಾಲು, ಹಾರೆ, ಮಂಕರಿ.

"ಎಲ್ಲಿಗೆ ಕೆಂಚಕ್ಕ?"

"ಬೊಡ್ಡೆ ಕೀಳಕ್ಕೆ. ದಾರಿ ಬುಡು."

"ಬೊಡ್ಡೆ ಸರ್ಕಾರದ್ದು!"

"ಒಣಗಿರಾದು ನಮ್ದು ಅಂತ ನಿಮ್ ಸಾಯೇಬ್ರೇ ಏಳವ್ರೆ. ಇದು ಒಣಗೈತೆ. ತಲೆನೇ ಇಲ್ಲ, ಇನ್ನೇನು ಬದುಕಿರಾದು?"

ಅವರದೂ ತಪ್ಪಲ್ಲ. ಒಲೆಗೆ ಸೌದೆ ಇಲ್ಲ. ಅದರ ಜೊತೆಗೆ ಹೊಳೆನರಸೀಪುರದ ಕಡೆ ಇಟ್ಟಿಗೆ ಗೂಡಿನೋನೊಬ್ಬ ಬೊಡ್ಡೆ ತಗೋತೀನಿ ಅಂತ ಹೇಳಿ ಕಳಿಸಿದ್ದ. ಬೊಡ್ಡೆ ಬೆಂಕಿ ನಿಧಾನ, ದಿನಗಟ್ಲೆ ಆರಲ್ಲ. ನಾನು ಚಾಕು ತೆಗೆದು ಒಂದು ಬೊಡ್ಡೆ ತೊಗಟೆ ಕೆರೆದು ತೋರಿಸ್ದೆ. ಒಳಗೆ ಹಸಿರು. "ನೋಡಕ್ಕಾ, ಜೀವ ಐತೆ!" ಅವಳು ತಿರುಗೂ ನೋಡ್ಲಿಲ್ಲ. "ಅಸಿ ಸೌದೆ ಒಳಗೂ ಅಸ್ರೇ ಇರ್ತದೆ ಕಣ್ಲಾ. ನಮ್ಮನೆ ಒಲೆ ಮುಂದೆ ಬಾ, ಒಗೆ ಕುಡಿಸಿ ತೋರುಸ್ತೀನಿ." ಹೆಂಗಸ್ರೆಲ್ಲಾ ಕಿಲಕಿಲ. ನಾನೇನು ಮಾಡ್ಲಿ? ಕೈಲಿ ಒಂದು ದೊಣ್ಣೆ, ಮೈಮೇಲೆ ಯಾರೋ ಹಾಕಿ ಬಿಟ್ಟ ಖಾಕಿ ಅಂಗಿ, ತೋಳು ಬೆರಳ ತನಕ. ಹೋಗಿ ಬೊಡ್ಡೆ ಮೇಲೆ ಕೂತ್ಬಿಟ್ಟೆ. "ನನ್ನೂ ಸೇರಿಸಿ ಕೀಳಿ" ಅಂದೆ. ಅವಳು ಪಕ್ಕದ ಬೊಡ್ಡೆಗೆ ಹೋದ್ಲು. ನಾನು ಎದ್ದು ಅದರ ಮೇಲೆ ಕೂತೆ. ಇನ್ನೊಂದು. ಮತ್ತೆ ಇನ್ನೊಂದು. ಕಪ್ಪೆ ಕುಪ್ಪಳಿಸ್ದಂಗೆ ಕೂಪೆಲ್ಲಾ ಕುಪ್ಪಳಿಸ್ದೆ ಕಣ್ರೋ!

ಗಲಾಟೆ ಕೇಳಿ ಆ ಊರ ಪಟೇಲ್ರು ಹತ್ತಿ ಬಂದ್ರು, ಏದುಸಿರು ಬಿಟ್ಕೊಂಡು. ಎರಡೂ ಕಡೆ ಕೇಳಿ, "ಒಂದು ಮಳೆ ನೋಡಾಣ" ಅಂದ್ರು. "ಮಳೆ ಬಿದ್ದ ಮೇಲೂ ಚಿಗುರ್ದಿದ್ರೆ ಸತ್ತೈತೆ ಅಂತ ಲೆಕ್ಕ, ಬೊಡ್ಡೆ ಊರಿಗೆ. ಚಿಗುರಿದ್ರೆ ಯಾರೂ ಮುಟ್ಟಂಗಿಲ್ಲ, ಆಡು ಕುರಿನೂ ಇತ್ತ ಬಿಡಂಗಿಲ್ಲ. ಬೊಡ್ಡೆ ಮುಟ್ಟಿ ಹೇಳ್ರಿ ಇಬ್ರೂ." ನನಗೆ ಒಪ್ಪೋ ಅಧಿಕಾರ ಎಲ್ಲಿತ್ತು? ಸರ್ಕಾರದ ಆಸ್ತಿ ಅದು. ಒಪ್ಪದಿದ್ರೆ ಅವತ್ತೇ ಕೀಳ್ತಾರೆ. ಮುಟ್ಟಿದೆ. ಕೆಂಚಕ್ಕನೂ ಮುಟ್ಟಿದ್ಲು. ಮುಟ್ಟಿ ನನ್ನ ಮುಖ ನೋಡಿ, "ಬೊಡ್ಡೆ ಕಿತ್ತ ಮೇಲೆ ಗಾಡಿಗೆ ನೀನೇ ತುಂಬಿಕೊಡ್ಬೇಕು, ಆಮೇಲೆ ಸೊಂಟ ನೋವು ಅಂತ ಅಳ್ಬಾರ್ದು" ಅಂದ್ಲು.

ಮಳೆ ಬರ್ಲಿಲ್ಲ. ಅಶ್ವಿನಿ ಹೋಯ್ತು. ಭರಣಿ ಬಂತು ಅಂತ ಮೋಡ ಕಟ್ಟಿತು, ಗುಡುಗಿತು, ರಾಮನಾಥಪುರದ ಕಡೆ ಹೋಗಿ ಹೊಳೆ ಮೇಲೆ ಸುರಿದ್ಬುಡ್ತು. ಇರೋ ನೀರಿಗೇ ನೀರು! ನನಗೆ ಅಳು ಬತ್ತಿತ್ತು. ಕೃತ್ತಿಕೆ ಮಳೆ ಒಂದು ಮಧ್ಯಾಹ್ನ ಬಂತು ನೋಡಿ, ಆಲಿಕಲ್ಲು ಸಮೇತ, ತಲೆ ಮೇಲೆ ಮಂಕರಿ ಮುಚ್ಕೊಂಡು ಕುಣಿದೆ. ಹೂಂ, ನಾನೇ, ಕುಣಿದೆ. ನಂಬದಿದ್ರೆ ಬಿಡಿ. ಮಾರನೇ ದಿನದಿಂದ ಬೊಡ್ಡೆಯಿಂದ ಬೊಡ್ಡೆಗೆ ಹೋಗಿ, ಕಡಿದ ಜಾಗಕ್ಕೆ ಮೂಗು ಹತ್ತಿಸಿ ನೋಡೋದೇ ಕೆಲಸ. ಇರುವೆ ಬಂತು. ಅಣಬೆ ಬಂತು. ಚಿಗುರು ಬರ್ಲಿಲ್ಲ. ಆ ಕಡೆ, ಕಡೀದೆ ಬಿಟ್ಟ ಕಾಡೆಲ್ಲಾ ಹಸಿರೋ ಹಸಿರು, ನನ್ನ ಕೂಪು ಮಾತ್ರ ಬೋಳು ತಲೆ. ತಂಗಿ ಮುಖ ಕಣ್ಮುಂದೆ ಬರೋದು.

ನೆಲ ಆರೋದನ್ನೇ ಕಾಯ್ತಿದ್ಲು ಅಂತ ಕಾಣ್ತದೆ, ಕೆಂಚಕ್ಕ ಬಂದ್ಬುಟ್ಲು. ಈ ಸಲ ಗೂಡಿನೋನ ಗಾಡಿನೂ ಜೊತೇಲೇ. ಗಾಡಿಯೋನು ಎತ್ತು ಬಿಚ್ಚಿ ಬೀಡಿ ಹಚ್ಕೊಂಡ. "ಚಿಗುರು ತೋರ್ಸು" ಅಂದ್ಲು ಕೆಂಚಕ್ಕ. ನಾನು ಬಗ್ಗಿ ಇನ್ನೊಂದ್ಸಲ ಬೊಡ್ಡೆ ಮೇಲೆ ಕೈಯಾಡಿಸ್ದೆ. "ತೋರ್ಸಪ್ಪಾ, ಮಳೆ ಬಂದು ಓಯ್ತಲ್ಲ." ಏನು ತೋರಿಸ್ಲಿ? "ಇನ್ನೆರಡು ದಿನ ಅಕ್ಕಾ, ದಮ್ಮಯ್ಯ" ಅಂದೆ. ಬೇರೆಯೋರಿಗೆ ದಮ್ಮಯ್ಯ ಅಂದೋನಲ್ಲ ನಾನು. "ಮುಟ್ಟಿ ಏಳಿದ್ದೀಯ" ಅಂದ್ಲು. ಅಷ್ಟೇ. ಸರಿಯಾಗೇ ಅಂದ್ಲು. ನಾನು ಪಕ್ಕಕ್ಕೆ ಸರಿದು ನಿಂತೆ.

ದೊಡ್ಡ ದಿಂಡಿಗದ ಬೊಡ್ಡೆ. ಗುದ್ದಲಿ ಎತ್ತಿ ಒಂದು ಹೊಡೆದ್ಲು, ತೊಗಟೆ ಸೀಳಿತು. ಇನ್ನೊಂದು ಹೊಡೆದ್ಲು, ಮಣ್ಣು ಸಡ್ಲ ಆಯ್ತು. ಬೇರು ಎಲ್ಲೈತೆ ಅಂತ ಬಗ್ಗಿ ತರಗು ಸರಿಸಿ ಮಣ್ಣು ಕೆದಕಿದ್ಲು. ಕೆದಕ್ತಾ ಕೆದಕ್ತಾ ಕೈ ನಿಂತೋಯ್ತು. ಆಮೇಲೆ ಮೊಣಕಾಲೂರಿ ಕೂತು ಎರಡೂ ಕೈಲಿ ಮೆಲ್ಲಗೆ, ಮೆಲ್ಲಗೆ ಮಣ್ಣು ತೆಗೆದ್ಲು. ನಾನು ಹೋಗಿ ಬಗ್ಗಿದೆ. ಅಯ್ಯೋ ಮಕ್ಳಾ! ಬೊಡ್ಡೆ ಮಣ್ಣಿಗೆ ಸೇರೋ ಜಾಗದಲ್ಲಿ, ಸುತ್ತಾ, ಕೆಂಪಗೆ, ಹಸುಗೂಸಿನ ಉಗುರಿನಂಗೆ, ಮೊಗ್ಗು! ಮೇಲೆ ಅಲ್ಲ, ಕೆಳಗೆ! ನಾವೆಲ್ಲಾ ಮೇಲೆ ನೋಡ್ತಿದ್ವಿ. ನೆಲಕ್ಕೆ ಹತ್ತಿಸಿ ಕಡಿದಿದ್ದಕ್ಕೆ ಚಿಗುರು ನೆಲದೊಳಗಿಂದ ಹೊರಟಿತ್ತು. ನನಗೂ ಗೊತ್ತಿರ್ಲಿಲ್ಲ ಕಣ್ರೋ. ನಾನು ಓಡಿ ಇನ್ನೊಂದರ ತರಗು ಸರಿಸ್ದೆ, ಅಲ್ಲೂ! ಮತ್ತೊಂದು, ಅಲ್ಲೂ! ಕಕ್ಕೆ ಬೊಡ್ಡೇಲಿ ಹಸಿರು, ಮತ್ತಿ ಬೊಡ್ಡೇಲಿ ಬೂದಿ ಬಣ್ಣ. ನಾನು ಕೂಗ್ತಾವ್ನಿ, ಹೆಂಗಸ್ರು ಕೂಗ್ತಾವ್ರೆ, "ಇಲ್ಲೂ ಐತೆ, ಇಲ್ಲೂ ಐತೆ" ಅಂತ ಕೂಪೆಲ್ಲಾ ಓಡಾಟ. ಗಾಡಿಯೋನು ಬೀಡಿ ಬಿಸಾಕಿ ಎದ್ದು ನಿಂತ, ಏನೋ ನಿಧಿ ಸಿಕ್ತು ಅಂತ.

ಕೆಂಚಕ್ಕ ಮಾತ್ರ ಎದ್ದಿರ್ಲಿಲ್ಲ. ತೆಗೆದ ಮಣ್ಣನ್ನ ಪುಡಿ ಮಾಡಿ ಮಾಡಿ ವಾಪಸ್ ಹಾಕ್ತಿದ್ಲು. ಹಾಕಿ, ಕೈ ಒರೆಸ್ಕೊಂಡು ಎದ್ದು, ಸುತ್ತಾ ನೋಡಿ ಒಂದು ಕೂಗು ಹಾಕಿದ್ಲು ನೋಡಿ: "ಯಾವ ಮನೆಹಾಳು ಮುಂಡೇವು ಇಲ್ಲಿ ಗುದ್ದಲಿ ತಂದಿದ್ದು? ನಡೀರಿ ಆಚೆ! ಕಾಲಿಡಾ ಜಾಗ ನೋಡ್ಕಂಡು ನಡೀರಿ!" ಗುದ್ದಲಿ ತಂದಿದ್ದೋಳು ಅವಳೇ! ಗಾಡಿಯೋನು, "ಅಲ್ಲಮ್ಮಾ, ಹೊಳೆನರಸೀಪುರದಿಂದ ಬಂದಿದ್ದೀನಿ, ಖಾಲಿ ಗಾಡಿ ಹೊಡ್ಕೊಂಡು ಹೋಗ್ಲಾ?" ಅಂದ. "ಖಾಲಿ ಯಾಕೆ, ನೀನು ಅತ್ತಿ ಕೂತ್ಕೋ" ಅಂದ್ಲು.

ಅವತ್ತಿಂದ ಕೂಪಿಗೆ ಇಬ್ರು ವಾಚರ್, ಒಬ್ಬನಿಗೆ ಸಂಬಳ. ಅವಳ ಅಣ್ಣನ ಆಡುಗಳು ಒಂದಿನ ಒಳಗೆ ನುಗ್ಗಿದ್ದಕ್ಕೆ ಅಣ್ಣನ್ನೇ ಊರಾಚೆ ತನಕ ಅಟ್ಟಿಸ್ಕೊಂಡು ಹೋದ್ಲು. ಹುಲ್ಲು ಕೊಯ್ಕೊಳ್ಳಕ್ಕೆ ಮಾತ್ರ ಹೆಂಗಸ್ರನ್ನ ಬಿಡೋಳು, ಅದಕ್ಕೆ ಇಲಾಖೆದೂ ಅಡ್ಡಿ ಇರ್ಲಿಲ್ಲ. ಚಿಗುರು ಮೊಣಕಾಲೆತ್ತರ ಬಂತು.

ಆಗ ಬಂದ್ರು ರೇಂಜರ್ ಸಾಹೇಬ್ರು. ಸೈಕಲ್ ಮರಕ್ಕೆ ಒರಗಿಸಿ ಕೂಪೆಲ್ಲಾ ಸುತ್ತಿದ್ರು, ಹೂಂ ಹೂಂ ಅಂತ. ಖುಷಿಯಾಗಿದ್ರು. ಸುತ್ಕೊಂಡು ಬಂದು ಆ ದಿಂಡಿಗದ ಬೊಡ್ಡೆ ಮುಂದೆ ನಿಂತ್ಬಿಟ್ರು. ಗುದ್ದಲಿ ಏಟು ಇನ್ನೂ ಕಾಣ್ತಿತ್ತು. "ಏನಯ್ಯಾ ಇದು? ಯಾರೋ ಅಗೆದವ್ರೆ. ಯಾರದು? ಕೇಸ್ ಹಾಕ್ತೀನಿ, ಹೇಳು." ಹೇಳಿದ್ರೆ ಅವಳ ಮೇಲೆ ಕೇಸು, ಹೇಳ್ದಿದ್ರೆ ನನ್ನ ಕೆಲಸ. ಬಗ್ಗಿ ಬೊಡ್ಡೆ ಸುತ್ತ ತರಗು ಆರಿಸ್ತಾ ಕೂತೆ. "ಕೇಳ್ತಿಲ್ವಾ? ಕಾಯೋಕೆ ಇಟ್ಟಿದ್ದು ನಿನ್ನ!"

ಹುಲ್ಲಿನ ಹೊರೆ ಕಟ್ತಿದ್ದ ಕೆಂಚಕ್ಕ ಎದ್ದು ಬಂದ್ಲು. "ನಾನೇ ಸಾ."

"ಯಾಕಮ್ಮಾ ಅಗೆದೆ?"

"ಉಸುರಾಡ್ತೈತಾ ಅಂತ ನೋಡ್ದೆ ಸಾ."

ಸಾಹೇಬ್ರು ಅವಳ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು. "ಆಡ್ತೈತಾ?"

"ಆಡ್ತೈತೆ ಸಾ. ಗಟ್ಟಿಯಾಗಿ ಮಾತಾಡ್ಬ್ಯಾಡಿ."

ಟೋಪಿ ತೆಗೆದು ಕಂಕುಳಲ್ಲಿಟ್ಕೊಂಡು ನಕ್ರು ನೋಡಿ ಆ ಮನುಷ್ಯ, ಕಣ್ಣಲ್ಲಿ ನೀರು ಬರೋ ತನಕ. ಕೇಸೂ ಇಲ್ಲ, ಗೀಸೂ ಇಲ್ಲ. ದೀಪಾವಳಿ ಹೊತ್ತಿಗೆ ನಾನು ಕಾಯಂ. ಅವ್ವ ಅವತ್ತು ರಾಗಿ ತಂದು ಮುದ್ದೆ ಮಾಡಿದ್ಲು, ನಿಜವಾದ ಮುದ್ದೆ.

ಬೇಕಾದ್ದು ತಗೋಳ್ರಿ, ಬೇಡ ಅನ್ನಲ್ಲ. ಬುಡ ಬಿಟ್ಟು ತಗೋಳ್ರಿ. ಅಷ್ಟೇ. ಏಳ್ರೋ ಸಾಕು, ಕೈಕಾಲು ತೊಳ್ಕೊಳ್ರಿ.